ಮೂರು ಮಕ್ಕಳು, ಒಂದೇ ಮೈಕು: ಮನೆಯಲ್ಲೇ ಬ್ಲೂಗ್ರಾಸ್ ತಂಡ ಕಟ್ಟೋದು ಹೇಗೆ

ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ ಪೆಂಡಾಲಿನಲ್ಲಿ ಮಕ್ಕಳು ಮೊದಲ ಸಲ ನುಡಿಸಿದಾಗ, ನಿರೂಪಣೆ ಮಾಡುತ್ತಿದ್ದವರು ಮೈಕಿನಲ್ಲಿ ‘ಈಗ ಬ್ಲೂ ಗ್ಲಾಸ್ ತಂಡದವರಿಂದ ಕಾರ್ಯಕ್ರಮ’ ಅಂದುಬಿಟ್ಟರು. ಮುಂದೆ ಕೂತಿದ್ದ ಚಿಳ್ಳೆಪಿಳ್ಳೆಗಳೆಲ್ಲ ಮ್ಯಾಜಿಕ್ ಶೋ ಅಂದುಕೊಂಡು ಬಾಯಿ ಬಿಟ್ಟುಕೊಂಡು ಕಾದವು. ಬಂದಿದ್ದು ಒಂದು ಪಿಟೀಲು, ಒಂದು ಗಿಟಾರು, ಒಂದು ಮ್ಯಾಂಡೊಲಿನ್. ಅದಾಗಿ ಮೂರು ವರ್ಷ. ಈಗ ದೊಡ್ಡವಳಿಗೆ 15, ನಡುವಿನವನಿಗೆ 12, ಚಿಕ್ಕವಳಿಗೆ 10. ಅಷ್ಟರಲ್ಲಿ ಸುಮಾರು ಸ್ಪರ್ಧೆಗಳಿಗೆ ಹೋಗಿ ಬಂದಿದ್ದೇವೆ. ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಆದರೂ ‘ನಮ್ಮ ಮಕ್ಕಳಿಗೂ ಹೀಗೆ ಮಾಡಿಸಬೇಕಿತ್ತು, ಎಲ್ಲಿಂದ ಶುರು ಮಾಡೋದು?’ ಅಂತ ಆಗಾಗ ಯಾರಾದರೂ ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದುಬಿಟ್ಟಿದ್ದೇನೆ.

ಬ್ಲೂಗ್ರಾಸ್ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕೆಂಟಕಿ ಕಡೆಯ ಸಂಗೀತ ಇದು. ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರು, ನಿಂತು ನುಡಿಸುವ ದೊಡ್ಡ ಬಾಸ್. ಸಾಮಾನ್ಯವಾಗಿ ಡ್ರಮ್ಸ್ ಇರುವುದಿಲ್ಲ. ಬಿಲ್ ಮನ್ರೊ 1939ರಲ್ಲಿ ‘ಬ್ಲೂ ಗ್ರಾಸ್ ಬಾಯ್ಸ್’ ಅಂತ ತಂಡ ಕಟ್ಟಿಕೊಂಡು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮಕ್ಕೆ ಬಂದರು. ಆ ತಂಡದ ಹೆಸರೇ ಮುಂದೆ ಇಡೀ ಶೈಲಿಗೆ ಅಂಟಿಕೊಂಡಿತು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಬಂದು ಮೂರು ಬೆರಳಲ್ಲಿ ಬ್ಯಾಂಜೊ ಮೀಟತೊಡಗಿದ ಮೇಲೆ ಈಗ ನಾವು ಕೇಳುವ ಆ ಜುಮ್ಮೆನ್ನುವ ವೇಗ ಬಂತು.

ನಮಗೆ ಬೇಕಾದ ಕಥೆ ಮಾತ್ರ ಅದಕ್ಕೂ ಹಿಂದಿನದು. ಮನ್ರೊ ಎಂಟು ಮಕ್ಕಳಲ್ಲಿ ಕೊನೆಯವರು. ಅಣ್ಣಂದಿರು ಪಿಟೀಲು, ಗಿಟಾರು ಎರಡನ್ನೂ ಮೊದಲೇ ಹಿಡಿದುಕೊಂಡುಬಿಟ್ಟಿದ್ದರು. ತಮ್ಮನಿಗೆ ಉಳಿದಿದ್ದು ಮ್ಯಾಂಡೊಲಿನ್. ಅದರಲ್ಲೂ ‘ಎಂಟು ತಂತಿ ಬೇಡ, ನಾಲ್ಕು ಬಿಚ್ಚಿಡು, ಎಂಟೂ ಇದ್ದರೆ ಸದ್ದು ಜಾಸ್ತಿ ಆಗುತ್ತೆ’ ಅಂದಿದ್ದರಂತೆ. ಇದನ್ನು ಓದಿ ಹೇಳಿದಾಗ ನಮ್ಮ ಚಿಕ್ಕವಳು ಅಕ್ಕ, ಅಣ್ಣ ಇಬ್ಬರನ್ನೂ ಒಂದು ಥರ ನೋಡಿದಳು. ಹಾಗೆ ಬೇಡದೆ ಉಳಿದಿದ್ದ ವಾದ್ಯವೇ ಆಮೇಲೆ ಇಡೀ ತಂಡದ ತಾಳ ಹಿಡಿಯಿತು. ಅಣ್ಣ ಚಾರ್ಲಿಯ ಜೊತೆ ‘ಮನ್ರೊ ಬ್ರದರ್ಸ್’ ಅಂತ ಹಾಡುತ್ತಿದ್ದರು, 1938ರಲ್ಲಿ ಇಬ್ಬರೂ ಬೇರೆಯಾದರು. ಸ್ಟ್ಯಾನ್ಲಿ ಬ್ರದರ್ಸ್, ಆಸ್‌ಬೋರ್ನ್ ಬ್ರದರ್ಸ್, ಜಿಮ್ ಮತ್ತು ಜೆಸ್ಸಿ ಅಂತ ಈ ಸಂಗೀತದ ಉದ್ದಕ್ಕೂ ಅಣ್ಣತಮ್ಮಂದಿರೇ ಸಿಗುತ್ತಾರೆ. ಜಗಳವೂ ಅವರ ಜೊತೆಗೇ ಬಂದಿರಬೇಕು, ಬಿಡಿ.

ನಾನು ಈ ಮೂರು ವರ್ಷದಲ್ಲಿ ಕಲಿತಿದ್ದು ಒಂದೇ. ಮಕ್ಕಳಿಗೆ ಮೊದಲು ಪಕ್ಕವಾದ್ಯ ಕಲಿಸಿ, ಸೋಲೊ ಆಮೇಲೆ. ಸ್ಪರ್ಧೆಗಳಲ್ಲಿ ನಾನು ನೋಡಿದ ಮಕ್ಕಳ ತಂಡಗಳಲ್ಲಿ ಎಲ್ಲರಿಗೂ ಬೆರಳು ಓಡುತ್ತೆ. ಇನ್ನೊಬ್ಬರು ನುಡಿಸುವಾಗ ಏನು ಮಾಡಬೇಕು ಅಂತ ಮಾತ್ರ ಯಾರಿಗೂ ಗೊತ್ತಿರಲ್ಲ. ಮೊದಲ ವರ್ಷ ನಮ್ಮವರೂ ಹಾಗೇ ಇದ್ದರು.

ವಾದ್ಯ ಹಂಚೋದು

ಮನೆಯಲ್ಲಿ ಒಬ್ಬರಾದರೂ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದರೆ ಅರ್ಧ ಕೆಲಸ ಆದಂತೆ. ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನ ಕಟ್ಟಿಸಿಕೊಂಡಿರುವ ಊರು ನಮ್ಮದು, ಕಲಿಸುವವರಿಗೆ ಬರವಿಲ್ಲ. ಆದರೆ ಶ್ರುತಿ ಬೇರೆ. ನಮ್ಮಲ್ಲಿ ಸ-ಪ-ಸ-ಪ, ಅಲ್ಲಿ ಜಿ-ಡಿ-ಎ-ಇ. ಹೆದರಬೇಡಿ. ಮೇಲಿನ ಎರಡು ತಂತಿಯನ್ನು ಸ-ಪ ಅಂತಲೇ ಅಂದುಕೊಳ್ಳಬಹುದು, ಅಲ್ಲಿ ಬೆರಳು ಬದಲಾಗಲ್ಲ. ಕೆಳಗಿನ ಎರಡು ಮಾತ್ರ ನಮ್ಮ ಕ್ರಮಕ್ಕಿಂತ ಒಂದೊಂದು ಮೆಟ್ಟಿಲು ಇಳಿಯುತ್ತವೆ. ಪ ಇದ್ದಲ್ಲಿ ಮ, ಮಂದ್ರದ ಸ ಇದ್ದಲ್ಲಿ ಅದರ ಕೆಳಗಿನ ನಿ. ನಮ್ಮ ದೊಡ್ಡವಳಿಗೆ ಇದನ್ನು ಹೀಗೆ ಹೇಳಿದ ದಿನವೇ ಅರ್ಥವಾಯಿತು. ಅದಕ್ಕೂ ಮುಂಚೆ ಎರಡು ವಾರ ವಿಡಿಯೊ ನೋಡಿಕೊಂಡು ಸುಮ್ನೆ ಒದ್ದಾಡಿದ್ದಳು. ಕೂತು ನುಡಿಸಿ ಅಭ್ಯಾಸ ಇದ್ದವರು ನಿಂತು, ಗದ್ದದ ಕೆಳಗೆ ಹಿಡಿಯುವುದನ್ನು ಕಲಿಯಬೇಕು. ಭುಜ ನೋಯುತ್ತೆ, ಶೋಲ್ಡರ್ ರೆಸ್ಟ್ ಹಾಕಿ. ಸಾಧ್ಯವಾದರೆ ಎರಡನೆಯದೊಂದು ಅಗ್ಗದ ಪಿಟೀಲು ಇಟ್ಟುಕೊಳ್ಳಿ, ದಿನಾ ಶ್ರುತಿ ಬದಲಾಯಿಸುತ್ತಾ ಕೂತರೆ ತಂತಿ ಬಾಳಲ್ಲ. ಮತ್ತೆ ಗುರುಗಳಿಗೆ ಮೊದಲೇ ಹೇಳಿಬಿಡಿ. ಅವರಿಗೆ ಬೇರೆ ಯಾರಿಂದಲೋ ಗೊತ್ತಾಗೋದು ಸರಿಯಲ್ಲ. ನಮ್ಮ ಮೇಷ್ಟ್ರು ‘ಗಮಕ ಹಾಳು ಮಾಡಿಕೊಳ್ಳದಿದ್ದರೆ ಸಾಕಮ್ಮ’ ಅಂದು ಸುಮ್ಮನಾದರು.

ಮ್ಯಾಂಡೊಲಿನ್ ಚಿಕ್ಕ ಮಗುವಿಗೆ ಸರಿಹೊಂದುತ್ತೆ. ಕುತ್ತಿಗೆ ಸಣ್ಣದು. ಪಿಟೀಲಿನ ಶ್ರುತಿಯೇ ಇದಕ್ಕೂ, ಜಿ-ಡಿ-ಎ-ಇ. ಹಾಗಾಗಿ ಅಕ್ಕ ಪಿಟೀಲಿನಲ್ಲಿ ಕಲಿತಿದ್ದನ್ನು ತಂಗಿಗೆ ಅದೇ ಬೆರಳಲ್ಲಿ ಹೇಳಿಕೊಡಬಹುದು. ಒಂದೊಂದು ಶ್ರುತಿಗೆ ಎರಡೆರಡು ತಂತಿ ಇರುವುದರಿಂದ ಮೊದಲ ತಿಂಗಳು ಬೆರಳ ತುದಿ ಉರಿಯುತ್ತೆ, ತೆಳ್ಳನೆ ತಂತಿ ಹಾಕಿಸಿ. ಮನ್ರೊ ಅಣ್ಣಂದಿರ ಥರ ನಾಲ್ಕು ತೆಗೆದುಬಿಟ್ಟರೂ ನಡೆಯುತ್ತೆ! ತಮಾಷೆಗೆ ಹೇಳಿದೆ, ಆದರೆ ನಿಜಕ್ಕೂ ಮೊದಲ ಎರಡು ವಾರ ನಾವು ಹಾಗೇ ಮಾಡಿದ್ದೆವು. ಮ್ಯಾಂಡೊಲಿನ್ ನಮಗೇನು ಹೊಸದಲ್ಲ ಅನ್ನೋದು ಅಜ್ಜಿ ತಾತಂದಿರನ್ನು ಒಪ್ಪಿಸೋಕೂ ಉಪಯೋಗಕ್ಕೆ ಬರುತ್ತೆ. ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಯು. ಶ್ರೀನಿವಾಸ್ ಹೆಸರು ಹೇಳಿದ್ದೇ ನಮ್ಮತ್ತೆ ‘ಅದಾ, ಸರಿ ಕೊಡಿಸಿ’ ಅಂದರು.

ಗಿಟಾರಿಗೆ ಮುಕ್ಕಾಲು ಅಳತೆಯದು ಸಾಕು. ಜಿ, ಸಿ, ಡಿ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಂದರೆ ಮೊದಲ ವರ್ಷ ಆರಾಮಾಗಿ ಕಳೆಯುತ್ತೆ. ಸಂಗೀತ ಕಲಿತ ಮಕ್ಕಳಿಗೆ ಅವನ್ನು ಸ, ಮ, ಪ ಮೇಲೆ ಕಟ್ಟಿದ ಮೂರು ಗೂಡು ಅಂತ ಹೇಳಿಕೊಡಿ, ಬೇಗ ಹಿಡಿದುಕೊಳ್ಳುತ್ತಾರೆ.

ಬ್ಯಾಂಜೊ ಕಥೆ ಕೇಳಿ. ಬಳೇಪೇಟೆಯ ವಾದ್ಯದ ಅಂಗಡಿಗಳ ಸಾಲಿನಲ್ಲಿ ನಾನು, ಮಗ ಇಬ್ಬರೂ ಒಂದು ಶನಿವಾರ ಬೆಳಗ್ಗೆಯಿಂದ ಸುತ್ತಿದೆವು. ‘ಬ್ಯಾಂಜೊ ಇದೆಯಾ?’ ಅಂದರೆ ‘ಓ, ಇದೆ ಸರ್’ ಅಂತ ಖುಷಿಯಾಗಿ ಒಳಗಿಂದ ತಂದು ತೋರಿಸಿದ್ದು ಬುಲ್‌ಬುಲ್ ತರಂಗ್. ಟೈಪ್‌ರೈಟರ್ ಥರ ಗುಂಡಿ ಒತ್ತಿ ನುಡಿಸೋದು. ನಮ್ಮ ದೇಶದಲ್ಲಿ ಅದಕ್ಕೂ ಬ್ಯಾಂಜೊ ಅಂತಲೇ ಹೆಸರು, ಅಂಗಡಿಯವರ ತಪ್ಪೇನಿಲ್ಲ. ನೀವು ಹೋದಾಗ ‘ಐದು ತಂತಿದು, ಡೋಲಕ್ ಥರ ಚರ್ಮ ಇರೋದು, ಉದ್ದ ಕುತ್ತಿಗೆದು’ ಅಂತ ಬಿಡಿಸಿ ಹೇಳಿ, ಫೋನಿನಲ್ಲಿ ಫೋಟೊ ತೋರಿಸಿ. ಇದ್ದರೂ ಒಂದೋ ಎರಡೋ ಇರುತ್ತೆ, ಬಹಳಷ್ಟು ಜನ ಆನ್‌ಲೈನ್‌ನಲ್ಲೇ ತರಿಸುತ್ತಾರೆ. ಹಿಂಭಾಗಕ್ಕೆ ಮರದ ತಟ್ಟೆ ಇರುವ ಬ್ಯಾಂಜೊ ಮಕ್ಕಳಿಗೆ ಭಾರ, ಭುಜ ಎಳೆಯುತ್ತೆ. ಹಿಂದೆ ತೆರೆದಿರುವುದನ್ನು ತಗೊಳ್ಳಿ.

ಬ್ಯಾಂಜೊ ನೋಡೋಕೆ ಕಷ್ಟ, ಶುರು ಮಾಡೋಕೆ ಸುಲಭ. ಎಡಗೈ ಇಡದೆ ಸುಮ್ನೆ ಮೀಟಿದರೂ ಜಿ ಕಾರ್ಡ್ ಬರುವಂತೆ ಶ್ರುತಿ ಮಾಡಿರುತ್ತಾರೆ. ಐದನೇ ತಂತಿ ಗಿಡ್ಡದು, ಅದರ ಬಿರಡೆ ಕುತ್ತಿಗೆಯ ನಡುವೆ ಇರುತ್ತೆ, ತಂಬೂರಿಯ ಹಾಗೆ ಒಂದೇ ಸ್ವರದಲ್ಲಿ ಗುಂಯ್ಗುಡುತ್ತಿರುತ್ತೆ. ಹೆಬ್ಬೆರಳಿಗೆ ಪ್ಲಾಸ್ಟಿಕ್, ಇನ್ನೆರಡು ಬೆರಳಿಗೆ ಲೋಹದ ಪಿಕ್, ಅಂದರೆ ಮೀಟುವ ಉಗುರು, ಹಾಕಿಕೊಳ್ಳಬೇಕು. ಮಕ್ಕಳ ಬೆರಳಿಗೆ ಅವು ಸಡಿಲ, ಜಾರಿ ಬೀಳುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಬಟ್ಟೆ ಪ್ಲಾಸ್ಟರನ್ನು ಬೆರಳಿಗೆ ಒಂದು ಸುತ್ತು ಸುತ್ತಿ, ಅದರ ಮೇಲೆ ಪಿಕ್ ಹಾಕಿ ಒತ್ತಿ. ಕೂತುಬಿಡುತ್ತೆ.

ಬಾಸ್ ಬೇಕೇ ಬೇಕು ಅಂತಿಲ್ಲ. ಇದ್ದರೆ ಚೆಂದ. ಆದರೆ ಆ ಗಾತ್ರದ ವಾದ್ಯವನ್ನು ಆಟೋದಲ್ಲಿ ಹೇರಿಕೊಂಡು ಹೋಗೋದು ನಮ್ಮಿಂದಾಗದ ಕೆಲಸ. ಯುಕುಲೇಲಿ ಅಳತೆಯ ಪುಟ್ಟ ಬಾಸ್ ಸಿಗುತ್ತೆ, ಇಲ್ಲವೇ ಗಿಟಾರಿನವನೇ ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿಕೊಂಡು ಆ ಕೆಲಸ ಮಾಡಲಿ.

ಮೊದಲು ಚಾಪ್

ಡ್ರಮ್ಸ್ ಇಲ್ಲದ ತಂಡದಲ್ಲಿ ತಾಳ ಎಲ್ಲಿಂದ ಬರುತ್ತೆ? ಮ್ಯಾಂಡೊಲಿನ್‌ನಿಂದ. ನಾಲ್ಕು ತಂತಿಜೋಡಿಯನ್ನೂ ಒತ್ತಿಹಿಡಿದು, ಒಂದೇ ಏಟಿಗೆ ಬಾರಿಸಿ, ಬಾರಿಸಿದ ತಕ್ಷಣ ಎಡಗೈ ಬೆರಳನ್ನು ಸಡಿಲ ಬಿಡಬೇಕು. ತಂತಿಯಿಂದ ಬೆರಳು ಪೂರ್ತಿ ಎತ್ತಬಾರದು. ಆಗ ‘ಚಕ್’ ಅಂತ ಒಣಗಿದ ಸದ್ದು ಬರುತ್ತೆ, ಸ್ವರ ಉಳಿಯೋದಿಲ್ಲ. ಇದೇ ಚಾಪ್. ಒಂದು, ಮೂರಕ್ಕೆ ಬಾಸ್ ‘ಧುಂ’, ಎರಡು, ನಾಲ್ಕಕ್ಕೆ ಮ್ಯಾಂಡೊಲಿನ್ ‘ಚಕ್’. ಧುಂ ಚಕ್ ಧುಂ ಚಕ್. ಅಷ್ಟೇ.

ಅಷ್ಟೇ ಅಂದೆ, ಆದರೆ ಇದು ಬರೋಕೆ ನಮ್ಮ ಚಿಕ್ಕವಳಿಗೆ ಮೂರು ತಿಂಗಳು ಹಿಡಿಯಿತು. ಆದಿತಾಳ ಹಾಕಿ ಬೆಳೆದ ಮಕ್ಕಳಿಗೆ ಕೈ ತಾನಾಗಿ ಮೊದಲ ಏಟಿಗೆ ಬೀಳುತ್ತೆ. ಎರಡನೇ ಏಟಿಗೆ ಹೊಡೀಬೇಕು ಅಂದರೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಅನ್ನಿಸುತ್ತೆ. ಕೊನೆಗೆ ಕೆಲಸಕ್ಕೆ ಬಂದಿದ್ದು ವಾದ್ಯವಿಲ್ಲದ ಪಾಠ. ಅಣ್ಣ ಕಾಲಿನಲ್ಲಿ ನೆಲ ತುಳಿಯುತ್ತಾನೆ, ತಂಗಿ ಚಪ್ಪಾಳೆ ತಟ್ಟುತ್ತಾಳೆ, ಅವನ ಕಾಲು ಮೇಲೆ ಇರುವಾಗ ಮಾತ್ರ. ಊಟಕ್ಕೆ ಕರೆಯುವ ಮೊದಲು ಐದು ನಿಮಿಷ, ದಿನಾ. ಕೆಳಗಿನ ಮನೆ ಆಂಟಿ ಒಂದು ದಿನ ಮೇಲೆ ಬಂದು ‘ಏನ್ರೀ, ದಿನಾ ಎಂಟು ಗಂಟೆಗೆ ಏನು ಕುಟ್ತೀರಾ?’ ಅಂತ ಕೇಳಿದರು. ಅವತ್ತಿನಿಂದ ಕಾಲಿನ ಕೆಳಗೆ ಚಾಪೆ. ಬ್ಯಾಂಜೊ ಸದ್ದಿಗೂ ಒಂದು ಉಪಾಯ ಇದೆ. ಹಿಂಭಾಗದಲ್ಲಿ ಕಂಬಿಗೂ ಚರ್ಮಕ್ಕೂ ನಡುವೆ ಒಂದು ಹಳೇ ಟವೆಲ್ ತುರುಕಿ. ಅರ್ಧಕ್ಕರ್ಧ ಇಳಿಯುತ್ತೆ.

ಇನ್ನೊಬ್ಬರು ಸೋಲೊ ನುಡಿಸುವಾಗ ಉಳಿದವರು ಏನು ಮಾಡಬೇಕು ಅನ್ನೋದಕ್ಕೆ ನಮ್ಮ ಮನೆಯಲ್ಲಿ ಒಂದೇ ಕಾನೂನು. ಅವರು ನುಡಿಸ್ತಿರೋದು ನಿನಗೆ ಕೇಳಿಸದೇ ಇದ್ದರೆ ನೀನು ಜೋರಾಗಿ ನುಡಿಸ್ತಿದ್ದೀಯ. ಪಿಟೀಲಿಗೂ ಚಾಪ್ ಇದೆ, ಕಮಾನಿನ ಬುಡವನ್ನು ತಂತಿಯ ಮೇಲೆ ಗೀರಿ ‘ಚಕ್’ ಅನ್ನಿಸೋದು. ಚಿಕ್ಕವಳು ಸೋಲೊ ನುಡಿಸುವಾಗ ಅಕ್ಕ ಅದನ್ನು ಹೊಡೆಯುತ್ತಾಳೆ. ತಂಗಿಗೆ ಪಕ್ಕವಾದ್ಯ ನುಡಿಸೋದು ಅಂದರೆ ಮೊದಮೊದಲು ಅವಳಿಗೆ ಅವಮಾನ ಆದಂತಿತ್ತು, ಎಂಟು ವರ್ಷ ಸಂಗೀತ ಕಲಿತವಳು ನೋಡಿ. ಸೋಲೊಗೆ ಇಲ್ಲಿ ಬ್ರೇಕ್ ಅನ್ನುತ್ತಾರೆ, ಎಲ್ಲರಿಗೂ ಸರದಿ ಬರುತ್ತೆ. ಕಛೇರಿಯಲ್ಲಿ ತನಿ ಆವರ್ತನ ಬಿಟ್ಟುಕೊಟ್ಟ ಹಾಗೆ ಅಂದಮೇಲೆ ಒಪ್ಪಿದಳು.

ಮೊದಲ ಹಾಡು ಯಾವುದು? ‘ಬಾಯ್ಲ್ ದೆಮ್ ಕ್ಯಾಬೇಜ್ ಡೌನ್’ ಅನ್ನುವ ಹಳೇ ಟ್ಯೂನ್. ಪಿಟೀಲು ಕಲಿಯುವ ಮಕ್ಕಳಿಗೆ ಅಲ್ಲಿ ಇದನ್ನೇ ಮೊದಲು ಹೇಳಿಕೊಡುತ್ತಾರೆ. ಗ, ಮ, ರಿ ಸುತ್ತಲೇ ಸುತ್ತಿ ಸ ಗೆ ಬಂದು ನಿಲ್ಲುತ್ತೆ. ಎರಡು ತಿಂಗಳು ಇದೊಂದನ್ನೇ ನುಡಿಸಲಿ. ಬೇಜಾರಾಗುತ್ತೆ ಅಂತಾರೆ, ಆಗಲಿ. ಆಮೇಲೆ ‘ಓಲ್ಡ್ ಜೋ ಕ್ಲಾರ್ಕ್’. ಅದು ನಮ್ಮ ಹರಿಕಾಂಭೋಜಿಯ ಸ್ವರಗಳಲ್ಲೇ ಇದೆ, ಅಂದರೆ ಶಂಕರಾಭರಣದಲ್ಲಿ ನಿಷಾದ ಮಾತ್ರ ಇಳಿದಿರುತ್ತೆ. ಮೋಹನದ ಐದು ಸ್ವರದಲ್ಲೇ ಮುಗಿಯುವ ಟ್ಯೂನ್‌ಗಳೂ ಬೇಕಾದಷ್ಟಿವೆ. ನಮ್ಮ ಮಕ್ಕಳಿಗೆ ಕಿವಿ ಮೊದಲೇ ತಯಾರಾಗಿರುತ್ತೆ, ಅದನ್ನು ಉಪಯೋಗಿಸಿಕೊಳ್ಳಿ. ಕಾಗದ ನೋಡಿ ನುಡಿಸೋದು ಬೇಡವೇ ಬೇಡ.

ಅಭ್ಯಾಸ ದಿನಾ 25 ನಿಮಿಷ ಸಾಕು, ಒಟ್ಟಿಗೆ. ತಾಳ ಹಾಕುವ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60 ಏಟಿಗೆ ಇಟ್ಟು ಶುರು ಮಾಡಿ, ವಾರಕ್ಕೆ ನಾಲ್ಕು ನಾಲ್ಕೇ ಏರಿಸಿ. ಪರೀಕ್ಷೆ ಬಂದಾಗ ನಿಲ್ಲಿಸಿ, ಇದರಲ್ಲೇನೂ ಹೀರೋಗಿರಿ ಬೇಡ.

ಎರಡು ದನಿ

ಒಂದೇ ಮನೆಯವರ ದನಿ ಒಂದಕ್ಕೊಂದು ಬೆರೆಯುವ ರೀತಿಯೇ ಬೇರೆ. ಅಲ್ಲಿನವರು ಇದಕ್ಕೆ ರಕ್ತದ ಹಾರ್ಮನಿ ಅಂತಲೇ ಅನ್ನುತ್ತಾರೆ. ಮಾತಿನ ಒತ್ತು, ಉಸಿರು ತೆಗೆದುಕೊಳ್ಳುವ ಜಾಗ, ಎಲ್ಲ ಒಂದೇ ಥರ ಇರುತ್ತಲ್ಲ. ಆದರೆ ನಮ್ಮ ಸಂಗೀತದಲ್ಲಿ ಹಾರ್ಮನಿ ಇಲ್ಲ. ಅಣ್ಣ ಸ ಹಿಡಿದರೆ ತಂಗಿ ಗ ಹಿಡಿಯಬೇಕು ಅಂದರೆ, ಅರ್ಧ ಸಾಲಿಗೇ ಅವಳೂ ಜಾರಿ ಸ ಗೆ ಬಂದಿರುತ್ತಾಳೆ. ಬೈದು ಪ್ರಯೋಜನವಿಲ್ಲ.

ನಾವು ಮಾಡಿದ್ದು ಹೀಗೆ. ಮೇಲಿನ ದನಿಯನ್ನು ಒಂದು ವಾರ ಅದೇ ಒಂದು ಬೇರೆ ಹಾಡು ಅನ್ನುವಂತೆ ಕಲಿಸಿದೆವು. ಮೂಲ ಹಾಡನ್ನು ಅವಳಿಗೆ ಕೇಳಿಸಲೇ ಇಲ್ಲ. ಆಮೇಲೆ ಅವನು ಅಡುಗೆಮನೆಯಲ್ಲಿ ನಿಂತ, ಅವಳು ಹಾಲಿನ ಬಾಗಿಲಲ್ಲಿ. ನಡುವೆ ನನ್ನ ಹೆಂಡತಿ ಒಗ್ಗರಣೆ ಹಾಕುತ್ತಾ. ಇಬ್ಬರೂ ಒಟ್ಟಿಗೆ ಹಾಡಿದರು, ಒಬ್ಬರದ್ದು ಇನ್ನೊಬ್ಬರಿಗೆ ಅಷ್ಟಾಗಿ ಕೇಳಿಸದ ಹಾಗೆ. ದಿನಾ ಎರಡು ಹೆಜ್ಜೆ ಹತ್ತಿರ ಬಂದರು. ಹತ್ತನೇ ದಿನ ಪಕ್ಕಪಕ್ಕ ನಿಂತು ಹಾಡಿದಾಗ ಸ-ಗ ಎರಡೂ ಅಲುಗಾಡದೆ ನಿಂತವು. ಅವಳೇ ಹಾಡು ನಿಲ್ಲಿಸಿ ‘ಅಪ್ಪಾ, ಕಿವಿಯೊಳಗೆ ಏನೋ ಜುಂ ಅಂತಿದೆ’ ಅಂದಳು. ಎರಡು ಸ್ವರ ಸರಿಯಾಗಿ ಕೂತಾಗ ಹಾಗಾಗುತ್ತೆ.

ಗಂಡುಹುಡುಗನಿಗೆ 12-14ರ ಆಸುಪಾಸಿನಲ್ಲಿ ದನಿ ಒಡೆಯುತ್ತೆ. ಸ್ಪರ್ಧೆಗೆ ಎರಡು ವಾರ ಇರುವಾಗಲೇ ಒಡೆಯಬಹುದು, ನಮ್ಮಲ್ಲಿ ಆಗಿದ್ದೂ ಅದೇ. ಎತ್ತರದ ಸ್ವರಕ್ಕೆ ಒತ್ತಾಯ ಮಾಡಬೇಡಿ. ಶ್ರುತಿ ಇಳಿಸಿ, ಇಲ್ಲವೇ ಮುಖ್ಯ ದನಿಯನ್ನು ಅಕ್ಕನಿಗೆ ಕೊಟ್ಟು ಅವನಿಗೆ ಕೆಳದನಿ ಕೊಡಿ. ಅದಕ್ಕೂ ಪಕ್ಕವಾದ್ಯದ ಮನಸ್ಸೇ ಬೇಕು ಅನ್ನಿ.

ಒಂದೇ ಮೈಕು

ಹಳೇ ರೇಡಿಯೊ ಕಾಲದಲ್ಲಿ ಇಡೀ ತಂಡ ಒಂದೇ ಮೈಕಿನ ಸುತ್ತ ನಿಲ್ಲುತ್ತಿತ್ತು. ಸೋಲೊ ಬಂದವರು ಮುಂದೆ ಬರೋದು, ಮುಗಿದ ತಕ್ಷಣ ಪಕ್ಕಕ್ಕೆ ಸರಿಯೋದು. ಇವತ್ತಿಗೂ ಎಷ್ಟೋ ತಂಡಗಳು ಹಾಗೇ ನಿಲ್ಲುತ್ತವೆ. ಸ್ಪರ್ಧೆಗೆ ಇದು ಬಹಳ ಒಳ್ಳೆಯದು, ನೋಡೋಕೆ ನೃತ್ಯದ ಹಾಗೆ ಇರುತ್ತೆ, ಜೊತೆಗೆ ಸೌಂಡಿನವರು ಯಾವ ಬಟನ್ ಯಾವಾಗ ಎತ್ತಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಅಭ್ಯಾಸ ಇಲ್ಲದೆ ಮಾಡಿದರೆ ಕಮಾನು ಯಾರದ್ದೋ ಕಣ್ಣಿಗೆ ತಗಲುತ್ತೆ.

ಮನೆಯಲ್ಲಿ ಮೈಕ್ ಬೇಡ. ಬಕೆಟ್ಟಿಗೆ ಮರಳು ತುಂಬಿ, ಮಾಪಿನ ಕೋಲು ನಿಲ್ಲಿಸಿ, ತುದಿಗೊಂದು ಕಾಲುಚೀಲ ಹಾಕಿ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ರಂಗೋಲಿ ಥರ ಜಾಗ ಗುರುತು ಮಾಡಿ. ಕೋಲಿಗೆ ಒಂದು ಗೇಣು ದೂರ ಸೋಲೊ, ಎರಡು ಹೆಜ್ಜೆ ಹಿಂದೆ ಪಕ್ಕವಾದ್ಯ. ಎಡದಿಂದ ಒಳಗೆ, ಬಲದಿಂದ ಹೊರಗೆ, ಯಾವಾಗಲೂ ಒಂದೇ ದಿಕ್ಕು. ಬ್ರೇಕ್ ಮುಗಿಯುವುದಕ್ಕೆ ನಾಲ್ಕು ಏಟು ಮುಂಚೆ ಮುಂದಿನವರು ಹೆಜ್ಜೆ ಹಾಕಲೇಬೇಕು. ತಡವಾದರೆ ಖಾಲಿ ಮೈಕು, ಬೇಗ ಬಂದರೆ ಡಿಕ್ಕಿ. ಮೊದಲ ವಾರ ನಮ್ಮಲ್ಲಿ ಎರಡು ಸಲ ಬಕೆಟ್ ಉರುಳಿ ಹಾಲೆಲ್ಲ ಮರಳು.

ನಮ್ಮೂರಿನ ಬಹಳಷ್ಟು ವೇದಿಕೆಗಳಲ್ಲಿ ಸಿಗೋದು ಭಾಷಣದ ಮೈಕು. ಅದು ಬಾಯಿಗೆ ಹತ್ತಿರ ಇದ್ದರೆ ಮಾತ್ರ ಎಳೆಯುತ್ತೆ, ದೂರ ನಿಂತ ಮ್ಯಾಂಡೊಲಿನ್ ಅದಕ್ಕೆ ಕೇಳಿಸಲ್ಲ. ಅಂಥ ಕಡೆ ಎರಡು ಸ್ಟ್ಯಾಂಡ್ ಕೇಳಿ, ಒಂದು ಬಾಯಿಯ ಎತ್ತರಕ್ಕೆ, ಇನ್ನೊಂದು ಹೊಟ್ಟೆಯ ಎತ್ತರಕ್ಕೆ. ‘ಎರಡು ಮೈಕ್ ಒಂದೇ ಜಾಗದಲ್ಲಿ ಅಣ್ಣ, ಮೇಲೊಂದು ಕೆಳಗೊಂದು’ ಅಂತ ನೀವೇ ಹೋಗಿ ಸೌಂಡಿನವರಿಗೆ ಹೇಳಿ. ಟೀ ಕುಡಿಸಿ ಹೇಳಿದರೆ ಇನ್ನೂ ಒಳ್ಳೆಯದು. ಮತ್ತೆ, ಎಕೊ ಬೇಡ ಅಂತ ಎರಡು ಸಲ ಹೇಳಿ. ಮೂರನೇ ಸಲವೂ ಹೇಳಿ.

ಸ್ಪರ್ಧೆಗೆ ಹೋಗೋದು

ಮೊದಲು ಸೋತರೂ ಪರವಾಗಿಲ್ಲ ಅನ್ನುವಂಥ ಕಡೆ ನುಡಿಸಿ. ಬೀದಿ ಗಣೇಶ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಯಾರದ್ದೋ ನಾಮಕರಣ. ಹತ್ತು ಸಲ ಜನರ ಮುಂದೆ ನಿಂತ ಮೇಲೆ ಸ್ಪರ್ಧೆ. ಶಾಲೆಗಳ ನಡುವಿನ ಫೆಸ್ಟುಗಳು, ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ, ಆಮೇಲೆ ಟೀವಿ ಆಡಿಷನ್. ಒಡಹುಟ್ಟಿದವರಿಗೆ ಇಲ್ಲೊಂದು ತೊಡಕಿದೆ. ಪ್ರತಿಭಾ ಕಾರಂಜಿಯಂಥ ಕಡೆ ತರಗತಿ ಪ್ರಕಾರ ವಿಭಾಗ ಇರುತ್ತೆ, ಹತ್ತನೇ ಕ್ಲಾಸಿನ ಅಕ್ಕ, ಐದನೇ ಕ್ಲಾಸಿನ ತಂಗಿ ಒಂದೇ ತಂಡದಲ್ಲಿ ನಿಲ್ಲೋಕಾಗಲ್ಲ. ಫಾರಂ ತುಂಬುವ ಮುಂಚೆ ನಿಯಮ ಪೂರ್ತಿ ಓದಿ. ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ, ವಾದ್ಯಸಂಗೀತಕ್ಕೆ ಜಾಗ ಇದೆಯಾ, ಸಮಯ ಎಷ್ಟು, ಗಂಟೆ ಹೊಡೆದ ಮೇಲೂ ನುಡಿಸಿದರೆ ಅಂಕ ಕಳೆಯುತ್ತಾರಾ.

ಸಮಯದ ಲೆಕ್ಕ ಸುಲಭ. ಇಂಥ ಟ್ಯೂನ್‌ಗಳಿಗೆ ಎರಡು ಭಾಗ, ಪಲ್ಲವಿ ಅನುಪಲ್ಲವಿ ಇದ್ದ ಹಾಗೆ, ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಕಾಲು ತುಳಿಯುವ ಲೆಕ್ಕದಲ್ಲಿ ಒಂದು ಸುತ್ತಿಗೆ 64 ಏಟು. ಮೆಟ್ರೊನೋಮ್ 96ಕ್ಕೆ ಇದ್ದರೆ ಒಂದು ಸುತ್ತು 40 ಸೆಕೆಂಡು, ಮೂವರಿಗೆ ಒಂದೊಂದು ಬ್ರೇಕ್ ಅಂದರೆ 2 ನಿಮಿಷ. ಎರಡು ನಿಮಿಷದ ಸ್ಪರ್ಧೆಯಲ್ಲಿ ಮುಕ್ತಾಯಕ್ಕೇ ಜಾಗ ಇಲ್ಲ! 112ಕ್ಕೆ ಏರಿಸಿದರೆ ಸುಮಾರು 103 ಸೆಕೆಂಡು, ಹೆಸರು ಹೇಳಿ ಕೈಮುಗಿಯೋಕೆ 17 ಸೆಕೆಂಡು ಉಳಿಯುತ್ತೆ. 112 ಇನ್ನೂ ಗಟ್ಟಿಯಾಗಿಲ್ಲವಾ? ಹಾಗಾದರೆ ಒಂದು ಸುತ್ತನ್ನು ಇಬ್ಬರು ಅರ್ಧರ್ಧ ಹಂಚಿಕೊಳ್ಳಿ, ಎರಡೇ ಸುತ್ತಿಗೆ ಮುಗಿಯುತ್ತೆ. ವೇಗ ಮಾತ್ರ ಏರಿಸಬೇಡಿ. ಭಯಕ್ಕೆ ವೇದಿಕೆಯ ಮೇಲೆ ಅದು ತಾನಾಗೇ ಏರುತ್ತೆ.

ತೀರ್ಪುಗಾರರಿಗೆ ಈ ಸಂಗೀತ ಗೊತ್ತಿರಲ್ಲ, ಅದು ಅವರ ತಪ್ಪಲ್ಲ. ದೊಡ್ಡವಳು ಒಂದೇ ಸಾಲು ಹೇಳಿಬಿಡುತ್ತಾಳೆ: ‘ಇದು ಅಮೆರಿಕದ ಹಳ್ಳಿ ಕಡೆ ಸಂಗೀತ, ಡ್ರಮ್ಸ್ ಇಲ್ಲ, ನನ್ನ ತಂಗಿಯ ಮ್ಯಾಂಡೊಲಿನ್ನೇ ಡ್ರಮ್ಸ್.’ ಎಲ್ಲರ ಕಣ್ಣು ಚಿಕ್ಕವಳ ಕೈಯ ಮೇಲೆ ಹೋಗುತ್ತೆ, ಚಾಪ್ ಕೇಳಿಸೋಕೆ ಶುರುವಾಗುತ್ತೆ. ಎರಡನೇ ಹಾಡಿಗೆ ಅವಕಾಶ ಇದ್ದರೆ ಒಂದು ಜಾನಪದ ಗೀತೆಯನ್ನು ಇದೇ ಧುಂ ಚಕ್ ಮೇಲೆ ಕೂರಿಸಿ. ಕೋಲಾಟದ ಹಾಡುಗಳು ಹೇಳಿ ಮಾಡಿಸಿದಂತೆ ಕೂರುತ್ತವೆ. ‘ನಮ್ಮದು ಬಿಟ್ಟು ಅವರದ್ದು ಯಾಕೆ?’ ಅಂತ ಕೇಳುವವರು ಎಲ್ಲ ಕಡೆ ಒಬ್ಬರು ಇದ್ದೇ ಇರುತ್ತಾರೆ. ಬ್ಯಾಂಜೊದ ಬೇಲಾ ಫ್ಲೆಕ್ ನಮ್ಮ ಜಾಕಿರ್ ಹುಸೇನ್, ರಾಕೇಶ್ ಚೌರಾಸಿಯಾ ಜೊತೆ ನುಡಿಸಿದ ಆಲ್ಬಮ್‌ಗೆ 2024ರಲ್ಲಿ ಗ್ರ್ಯಾಮಿ ಬಂತು ಅಂತ ಹೇಳಿ, ಮುಂದಕ್ಕೆ ಹೋಗಿ. ಬ್ಯಾಂಜೊದ ಮೂಲವೂ ಅಮೆರಿಕದ್ದಲ್ಲ. ಗುಲಾಮರಾಗಿ ಹೋದ ಆಫ್ರಿಕಾದ ಜನ ಅಲ್ಲಿಗೆ ಒಯ್ದದ್ದು.

ಟೀವಿ ಆಡಿಷನ್ ಬೇರೆಯೇ ಲೋಕ. ಒಂದು ಕಡೆ ಬೆಳಗ್ಗೆ ಎಂಟಕ್ಕೆ ಬರೋಕೆ ಹೇಳಿ, ಎದೆಗೆ ನಂಬರ್ ಅಂಟಿಸಿ, ನಮ್ಮ ಸರದಿ ಬಂದಿದ್ದು ಮಧ್ಯಾಹ್ನ ಮೂರೂವರೆಗೆ. ನುಡಿಸೋಕೆ ಬಿಟ್ಟಿದ್ದು 50 ಸೆಕೆಂಡು. ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದಿದ್ದೇ ಆ ದಿನದ ಒಳ್ಳೆಯ ಭಾಗ. ಆದ್ದರಿಂದ ಊಟ, ನೀರು, ಚೌಕಾಬಾರದ ಮಣೆ ಜೊತೆಗಿರಲಿ. ಕಾಯುವಾಗ ಪೂರ್ತಿ ವೇಗದಲ್ಲಿ ಅಭ್ಯಾಸ ಬೇಡ, ವೇದಿಕೆಗೆ ಹೋಗುವಷ್ಟರಲ್ಲಿ ಬೆರಳು ಸುಸ್ತಾಗಿರುತ್ತೆ. ಮೊದಲ 15 ಸೆಕೆಂಡಿನಲ್ಲೇ ಮೂವರೂ ಕಾಣುವ ಹಾಗೆ ಒಂದು ಚಿಕ್ಕ ಆವೃತ್ತಿ ತಯಾರಿರಲಿ.

ಆಯ್ಕೆಯಾದರೆ ಕಾಗದಕ್ಕೆ ಸಹಿ ಹಾಕುವ ಮುಂಚೆ ಕಾನೂನು ತಿಳಿದುಕೊಳ್ಳಿ. 14 ತುಂಬದ ಮಕ್ಕಳು ಟೀವಿ ಕಾರ್ಯಕ್ರಮಗಳಲ್ಲಿ ಭಾಗವಹಿಸೋಕೆ 2017ರ ನಿಯಮಗಳಿವೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಕೂಡದು, ವಿರಾಮ ಇಲ್ಲದೆ 3 ಗಂಟೆ ಮೀರಬಾರದು, ಸತತವಾಗಿ 27 ದಿನ ದಾಟಬಾರದು. ಬರುವ ದುಡ್ಡಿನಲ್ಲಿ ಕನಿಷ್ಠ ಶೇಕಡಾ 20 ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಕಾರ್ಯಕ್ರಮದವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ತಗೊಂಡಿರಬೇಕು. ಇದನ್ನೆಲ್ಲ ಕೇಳಿದರೆ ಎಲ್ಲಿ ಅವಕಾಶ ತಪ್ಪುತ್ತೋ ಅಂತ ಅಪ್ಪ ಅಮ್ಮಂದಿರು ಸುಮ್ಮನಿರುತ್ತಾರೆ. ಕೇಳಿ. ‘ನೇರ ಆಯ್ಕೆ ಮಾಡಿಸಿಕೊಡ್ತೀವಿ, ಇಷ್ಟು ಕಟ್ಟಿ’ ಅಂತ ಫೋನ್ ಬಂದರೆ ಕಟ್ ಮಾಡಿ.

ವಿಡಿಯೊ ಹಾಕುವುದಿದ್ದರೆ ಯಾರು ಬರೆದರೆಂದೇ ಗೊತ್ತಿಲ್ಲದ ಹಳೇ ಟ್ಯೂನ್‌ಗಳು ಸುರಕ್ಷಿತ. ನಮ್ಮ ಕಾಯ್ದೆಯಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಮನ್ರೊ ತೀರಿಕೊಂಡಿದ್ದು 1996ರಲ್ಲಿ, ಲೆಕ್ಕ ಹಾಕಿಕೊಳ್ಳಿ.

ಒಂದು ವಿಷಯಕ್ಕೆ ಮಾತ್ರ ನಾವು ತಯಾರಾಗಿರಲಿಲ್ಲ. ಹೋದ ವರ್ಷ ಒಂದು ಕಡೆ ನುಡಿಸಿ ಕೆಳಗಿಳಿದಾಗ ಆಯೋಜಕರಲ್ಲೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ‘ಚಿಕ್ಕ ಹುಡುಗಿ ಮುದ್ದಾಗಿದ್ದಾಳೆ ಸರ್, ಮುಂದಿನ ಸುತ್ತಿಗೆ ಅವಳೊಬ್ಬಳನ್ನೇ ಕಳಿಸಿ’ ಅಂದರು. ನಿಮಗೂ ಹೀಗಾಗುತ್ತೆ, ಚಿಕ್ಕ ಮಕ್ಕಳಿರುವ ತಂಡಕ್ಕೆ ಆಗಿಯೇ ಆಗುತ್ತೆ. ಉತ್ತರ ಏನು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ. ನಾವು ಮಾತಾಡಿಕೊಂಡಿರಲಿಲ್ಲ. ಮೂವರನ್ನೂ ಕೂರಿಸಿ ವಿಷಯ ಹೇಳಿದೆ. ದೊಡ್ಡವಳು ‘ಹೋಗಲಿ ಬಿಡಿ, ಅವಳಾದರೂ ಹೋಗಲಿ’ ಅಂದಳು, ಆದರೆ ಕಮಾನನ್ನು ಬಿಗಿ ಮಾಡೋದು ಸಡಿಲ ಮಾಡೋದು ಮಾಡುತ್ತಲೇ ಇದ್ದಳು. ಹುಡುಗ ಏನೂ ಹೇಳಲಿಲ್ಲ. ಚಿಕ್ಕವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ನಾನೊಬ್ಬಳೇ ಹೋಗಿ ಯಾರಿಗಪ್ಪಾ ಚಾಪ್ ಹೊಡೀಲಿ?’ ಅಂದಳು. ಬರಲ್ಲ ಅಂತ ಫೋನ್ ಮಾಡಿ ಹೇಳಿಬಿಟ್ಟೆ.

ಇನ್ನು ಚೀಲ. ಮನೆ ಬಿಡೋ ಮುಂಚೆ ನಾನು ನೋಡಿಕೊಳ್ಳೋದು ಇಷ್ಟು: ಎಲ್ಲ ವಾದ್ಯಕ್ಕೂ ಒಂದೊಂದು ಸೆಟ್ ತಂತಿ, ಮೂರು ಕ್ಲಿಪ್ ಟ್ಯೂನರ್, ಒಬ್ಬರಿಗೊಂದು, ಇಲ್ಲದಿದ್ದರೆ ಅದಕ್ಕೂ ಜಗಳ. ಪಿಕ್ ಹತ್ತಾದರೂ ಬೇಕು, ಎಲ್ಲಿ ಮಾಯವಾಗುತ್ತವೋ ದೇವರಿಗೇ ಗೊತ್ತು. ಬಟ್ಟೆ ಪ್ಲಾಸ್ಟರ್, ಕಮಾನಿಗೆ ರಾಳ, ಒಂದು ಹಳೇ ಟವೆಲ್. ಎಸಿ ಹಾಲ್ ಆದರೆ ಅರ್ಧ ಗಂಟೆ ಮುಂಚೆ ವಾದ್ಯ ಹೊರಗೆ ತೆಗೆದಿಟ್ಟು, ವೇದಿಕೆ ಹತ್ತುವ ಮುನ್ನ ಇನ್ನೊಂದು ಸಲ ಶ್ರುತಿ ನೋಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಗಾಳಿ ಒಣಗಿರುತ್ತೆ, ಪಿಟೀಲಿನ ಬಿರಡೆ ಹಿಡಿಯದೆ ಸರ್ರನೆ ಜಾರುತ್ತೆ. ಬಿರಡೆ ಹೊರಗೆಳೆದು ಚಾಕ್‌ಪೀಸ್ ಉಜ್ಜಿ ಮತ್ತೆ ತಿರುಗಿಸಿ, ನಿಲ್ಲುತ್ತೆ. ಬಿಳಿ ಚಾಕ್‌ಪೀಸೇ ಇರಲಿ. ನಾವೊಮ್ಮೆ ಗುಲಾಬಿ ಬಣ್ಣದ್ದು ಉಜ್ಜಿ, ದೊಡ್ಡವಳ ಬಿಳಿ ಚೂಡಿದಾರಕ್ಕೆಲ್ಲ ಅಂಟಿ, ಅವಳು ಪೂರ್ತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.